ಓಡಿ ಬಂದವರಿಗೆಲ್ಲ ಬಸ್ ನಿಲ್ಲಿಸಬೇಕಾ? ಸ್ಟೇರಿಂಗ್ ಹಿಡಿದವನದೊಂದು ಪ್ರಶ್ನೆ

ಎರಡೂರ ಡ್ರೈವರ್ · ರಾತ್ರಿ 9:40

ನಾನು ಹುಬ್ಬಳ್ಳಿ–ಧಾರವಾಡ ನಡುವೆ ಬಸ್ ಓಡಿಸುವವನು. ಹದಿನಾಲ್ಕು ವರ್ಷ ಆಯ್ತು. ಯಾರ ಬಸ್ಸು, ಯಾವ ನಂಬರು ಅಂತ ಕೇಳಬೇಡಿ. ರಸ್ತೆ ನಡುವಿನ ಸ್ವಂತ ದಾರಿಯಲ್ಲಿ ಓಡುವ ಚಿಗರಿ ಬಸ್ಸು ಅಲ್ಲ, ಅಷ್ಟು ಸಾಕು. ಆಟೋ, ಟಂಟಂ, ಸ್ಕೂಟಿ, ಒಮ್ಮೊಮ್ಮೆ ಎಮ್ಮೆ, ಎಲ್ಲದರ ಜೊತೆ ಪಕ್ಕದ ರಸ್ತೆಯಲ್ಲಿ ಹೋಗುವ ಸಾದಾ ಬಸ್ಸು.

ಮಂಗಳವಾರ ಬೆಳಿಗ್ಗೆ ಧಾರವಾಡದಿಂದ ಬರುತ್ತಿದ್ದೆ. ಉಣಕಲ್ ಕ್ರಾಸ್‌ನಲ್ಲಿ ಜನ ಇಳಿದರು, ಹತ್ತಿದರು, ಕಂಡಕ್ಟರ್ ಸೀಟಿ ಹೊಡೆದ. ಇಂಡಿಕೇಟರ್ ಹಾಕಿ ಅರ್ಧ ಬಸ್ ಬಲಕ್ಕೆ ತೆಗೆದಿದ್ದೆ. ಆಗ ಎಡಗನ್ನಡಿಯಲ್ಲಿ ಒಬ್ಬ ಅಜ್ಜಿ ಕಂಡಳು. ಇಳಕಲ್ ಸೀರೆ, ಒಂದು ಕೈಯಲ್ಲಿ ವೈರ್ ಬುಟ್ಟಿ, ಇನ್ನೊಂದು ಕೈ ಮೇಲೆ. ಆ ವಯಸ್ಸಿಗೆ ಎಷ್ಟು ಓಡಬಹುದೋ ಅಷ್ಟು ಓಡುತ್ತಿದ್ದಳು. ಅವಳಿಗೂ ನನ್ನ ಬಾಗಿಲಿಗೂ ನಡುವೆ ಮೂರು ಬೈಕು ಎಡಗಡೆ ಸಂದಿಯಲ್ಲಿ ನುಗ್ಗುತ್ತಿದ್ದವು. ಹಿಂದೆ ಒಂದು ಲಾರಿ ಹಾರ್ನ್ ಮೇಲೆ ಕೂತಿತ್ತು. ನಾನು ನಿಲ್ಲಿಸಲಿಲ್ಲ.

ರಾತ್ರಿ ಮನೆಗೆ ಹೋದರೆ ಮಗಳು ಫೋನ್ ತೋರಿಸಿದಳು. ಒಂಬತ್ತನೇ ಕ್ಲಾಸು ಅವಳು. "ಅಪ್ಪಾ, ಇದು ನಿನ್ನ ಬಸ್ ಅಲ್ಲಾ?" ಯಾರೋ ಹಿಂದಿನಿಂದ ವಿಡಿಯೋ ಮಾಡಿದ್ದಾರೆ. ನಂಬರ್ ಪ್ಲೇಟ್ ಮಸುಕು. ಆದರೆ ಹಿಂದಿನ ಗಾಜಿನ ಮೇಲೆ ಒಂದು ಹರಿದ ಜಾಹೀರಾತು ಇದೆ, ಅದರಲ್ಲಿ ನಗುತ್ತಿರುವ ಹುಡುಗನ ಮುಖ ಮೂಗಿನ ತನಕ ಮಾತ್ರ ಉಳಿದಿದೆ. ನನಗೆ ಬುತ್ತಿ ಕೊಡಲು ಬಂದಾಗೆಲ್ಲ ಮಗಳು ಅದನ್ನು ನೋಡಿ ನಗುತ್ತಿದ್ದಳು. ವಿಡಿಯೋ ಕೆಳಗೆ "ಇವರಿಗೇನು ತಾಯಿ ಇಲ್ಲವಾ?" ಅಂತ ಬರೆದಿದ್ದಾರೆ.

ಮಗಳು ಮತ್ತೇನೂ ಕೇಳಲಿಲ್ಲ. ಬೈದಿದ್ದರೆ ಚಲೋ ಇತ್ತು.

ನೀವು ದಿನಾ ಓಡಾಡುವವರು. ಹೇಳಿ, ನಿಲ್ಲಿಸಬೇಕಿತ್ತಾ?

ಉಣಕಲ್ ಕೆರೆ ದಂಡೆ · 9:46

ನಿಲ್ಲಿಸಬೇಕಿತ್ತು. ಹತ್ತು ಸೆಕೆಂಡ್ ಮಾತು ಅಲ್ವಾ ಅಣ್ಣಾರ?

ಮೂರನೇ ಸೀಟು ಕಿಟಕಿ · 9:55

ನಾನು ಒಳಗೆ ಕೂತವರ ಪರವಾಗಿ ಮಾತಾಡುತ್ತೇನೆ. ನಾನು ನರ್ಸ್. ನನ್ನ ಶಿಫ್ಟ್ ಎಂಟು ಗಂಟೆಗೆ. ನಾನು ಬಂದ ಮೇಲೇ ರಾತ್ರಿ ಪಾಳಿಯ ಗೆಳತಿ ಮನೆಗೆ ಹೋಗಬೇಕು, ಅವಳಿಗೆ ಮಗುವನ್ನು ಸ್ಕೂಲಿಗೆ ಬಿಡುವ ಕೆಲಸ ಇರುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಓಡಿ ಬರುವ ಪ್ರತಿಯೊಬ್ಬರಿಗೂ ಡ್ರೈವರ್ ಕರಗಿದರೆ ನಾನು ಎಂಟೂ ಕಾಲು. ಒಬ್ಬ ಅಜ್ಜಿ ವಿಡಿಯೋದಲ್ಲಿ ಕಾಣುತ್ತಾಳೆ. ಒಳಗೆ ಗಡಿಯಾರ ನೋಡುತ್ತಾ ಕೂತ ಐವತ್ತು ಜನ ವಿಡಿಯೋದಲ್ಲಿ ಕಾಣುವುದಿಲ್ಲ.

ಉಣಕಲ್ ಕೆರೆ ದಂಡೆ · 9:58

ಅಕ್ಕಾರ, ನಿಮ್ಮ ಮಾತು ಒಪ್ಪಿದೆ. ಆದರೆ ಅಜ್ಜಿ ರೀ ಅದು. ಕಾಲೇಜು ಹುಡುಗ ಅಲ್ಲ.

ಎರಡೂರ ಡ್ರೈವರ್ · 10:07

ಹತ್ತು ಸೆಕೆಂಡ್ ಅಂದಿರಲ್ಲ ತಮ್ಮಾ, ಲೆಕ್ಕ ಕೊಡುತ್ತೇನೆ ನೋಡಿ. ಹತ್ತು ಸೆಕೆಂಡ್ ಬಾಗಿಲಿನದು. ಬಸ್ಸಿನ ಮೂತಿ ಆಗಲೇ ಹೊರಗೆ ಇದೆ, ಹಿಂಭಾಗ ಒಳಗೆ ಇದೆ. ಹಾಗೇ ನಿಂತರೆ ಹಿಂದಿನ ಇಡೀ ಸಾಲು ನಿಲ್ಲುತ್ತದೆ. ಅಜ್ಜಿ ಮೆಟ್ಟಿಲು ಹತ್ತಿ ಕಂಬಿ ಹಿಡಿಯುವ ತನಕ ಎಳೆಯುವ ಹಾಗಿಲ್ಲ. ಆಮೇಲೆ ಬಲಕ್ಕೆ ಸೇರಲು ಮತ್ತೆ ಯಾರಾದರೂ ಜಾಗ ಬಿಡಬೇಕು. ಹುಬ್ಬಳ್ಳಿಯಲ್ಲಿ ಬಸ್ಸಿಗೆ ಜಾಗ ಬಿಡುವ ಪುಣ್ಯಾತ್ಮ ಇನ್ನೂ ಹುಟ್ಟಬೇಕು. ಅಷ್ಟರಲ್ಲಿ ಮುಂದಿನ ಸಿಗ್ನಲ್ ಕೆಂಪು. ಹತ್ತು ಸೆಕೆಂಡ್ ಹೋಗಿ ಎರಡು ನಿಮಿಷ ಆಯ್ತು.

ಇನ್ನೊಂದು ಮಾತು. ನಿಂತ ಬಸ್ ನೋಡಿದರೆ ದೂರದಲ್ಲಿ ಆರಾಮಾಗಿ ನಡೆದು ಬರುತ್ತಿದ್ದವರಿಗೂ ಆಸೆ ಹುಟ್ಟುತ್ತದೆ. ಅಜ್ಜಿ ಹತ್ತುವುದರೊಳಗೆ ಹಿಂದೆ ಇಬ್ಬರು ಓಡುತ್ತಾ ಬರುತ್ತಾರೆ. ಅವರನ್ನು ಬಿಟ್ಟು ಹೋದರೆ ಅವರೂ ವಿಡಿಯೋ ಮಾಡುತ್ತಾರೆ.

ಹಸಿರು ಪಾಸ್ · 10:15

ನಾನು ಸ್ಟೂಡೆಂಟ್. ನಿಮ್ಮ ಲೆಕ್ಕ ಎಲ್ಲಾ ಸರಿ. ಆದರೆ ಸ್ಟಾಪ್‌ನಲ್ಲಿ ನಾವು ಹತ್ತು ಹುಡುಗರು ಪಾಸ್ ಹಿಡಿದು ನಿಂತರೆ ಬಸ್ಸು ಐವತ್ತು ಅಡಿ ಮುಂದೆ ಹೋಗಿ ನಿಲ್ಲುವುದು ಯಾಕೆ? ಅದು ಯಾವ ಟೈಮ್ ಉಳಿಸುವ ಲೆಕ್ಕ? ಓಡಲಿ ಅಂತ ತಾನೇ? ಓಡಿಸುವುದು ನೀವು, ಓಡಿ ಬರಬೇಡಿ ಅನ್ನುವುದೂ ನೀವು.

ಎರಡೂರ ಡ್ರೈವರ್ · 10:19

ನಾನು ಹಾಗೆ ಮಾಡಿಲ್ಲ.

ಹಸಿರು ಪಾಸ್ · 10:20

ಎಂದೂ?

ಎರಡೂರ ಡ್ರೈವರ್ · 10:31

ಮಾಡಿದ್ದೇನೆ. ಸುಳ್ಳು ಯಾಕೆ ಹೇಳಲಿ. ಬಾಗಿಲಲ್ಲಿ ಆಗಲೇ ಜನ ಜೋತಾಡುತ್ತಿರುವಾಗ ಸ್ಟಾಪಿನ ಎದುರೇ ನಿಲ್ಲಿಸಿದರೆ ಇಳಿಯುವವರಿಗೆ ಇಳಿಯಲು ಬಿಡುವುದಿಲ್ಲ, ಎಲ್ಲರೂ ಒಮ್ಮೆಲೇ ನುಗ್ಗುತ್ತಾರೆ. ಅದಕ್ಕೆ ಮುಂದೆ ಹೋಗಿ ಇಳಿಸುತ್ತೇವೆ. ಪಾಸ್ ನೋಡಿ ಅಲ್ಲ. ಆದರೆ ಸ್ಟಾಪಲ್ಲಿ ನಿಂತವನಿಗೆ ಅದು ಬೇರೆ ಥರಾ ಕಾಣುತ್ತದೆ, ಗೊತ್ತು. ನಿನ್ನ ಸಿಟ್ಟು ತಪ್ಪಲ್ಲ.

ಮೂರನೇ ಸೀಟು ಕಿಟಕಿ · 10:34

ಒಪ್ಪಿಕೊಂಡಿರಲ್ಲ, ಅದು ದೊಡ್ಡದು.

ಬಲಗಡೆ ಬಾಗಿಲು · 10:50

ಚಿಗರಿ ಓಡಿಸುವವನು ನಾನು. ನಮ್ಮ ಕಡೆ ಈ ಪ್ರಶ್ನೆಯೇ ಬರುವುದಿಲ್ಲ. ಯಾಕೆ ಅಂದರೆ ನಾವು ಮನಸ್ಸು ಮಾಡಿದರೂ ನಿಲ್ಲಿಸಲು ಆಗುವುದಿಲ್ಲ.

ರಸ್ತೆ ನಡುವೆ ನಿಲ್ದಾಣ. ಬಾಗಿಲು ಬಲಗಡೆ. ಮೆಟ್ಟಿಲಿಲ್ಲ, ಬಸ್ಸಿನ ನೆಲವೂ ಪ್ಲಾಟ್‌ಫಾರಮ್ಮೂ ಒಂದೇ ಎತ್ತರ. ಗಾಲಿಕುರ್ಚಿಯವರು, ಚೀಲ ಎಳೆದುಕೊಂಡು ಬರುವವರು ಸೀದಾ ಒಳಗೆ ಬರುತ್ತಾರೆ. ಅದು ಸುಖ. ಆದರೆ ಒಂದು ಸಲ ಬಸ್ ಎರಡು ಮೀಟರ್ ಮುಂದೆ ಹೋಯ್ತು ಅಂದರೆ ಬಾಗಿಲ ಎದುರು ಪ್ಲಾಟ್‌ಫಾರಂ ಇರುವುದಿಲ್ಲ, ಗುಂಡಿ ಇದ್ದ ಹಾಗೆ. ತೆಗೆದರೆ ಅಜ್ಜಿ ಬೀಳುತ್ತಾಳೆ. ಟಿಕೆಟ್ಟೂ ನಿಲ್ದಾಣದ ಕೌಂಟರಿನಲ್ಲೇ ಆಗುತ್ತದೆ, ನಮ್ಮಲ್ಲಿ ಕಂಡಕ್ಟರ್ ಇಲ್ಲ. ಹಾಗಾಗಿ ಓಡಿ ಬರುವವರು ನನ್ನ ಬಾಗಿಲಿಗೆ ಬರುವುದಿಲ್ಲ, ಟಿಕೆಟ್ ಕಿಟಕಿಗೆ ಓಡುತ್ತಾರೆ.

ಹೊಸದಾಗಿ ಬಂದ ಹುಡುಗರಿಗೆ ಕಷ್ಟ ಆಗುವುದು ಸ್ಪೀಡಲ್ಲಿ ಅಲ್ಲ, ಹಚ್ಚುವುದರಲ್ಲಿ. ಹನ್ನೆರಡು ಮೀಟರ್ ಬಸ್ಸನ್ನು ಪ್ಲಾಟ್‌ಫಾರಮ್ಮಿಗೆ ಉಜ್ಜದ ಹಾಗೆ, ದೂರ ಆಗದ ಹಾಗೆ ತಂದು ನಿಲ್ಲಿಸಬೇಕು. ನಾನು ಕಲಿತದ್ದು ಹೀಗೆ: ಬಲಗನ್ನಡಿಯಲ್ಲಿ ಪ್ಲಾಟ್‌ಫಾರಂ ಅಂಚೂ ಬಸ್ಸಿನ ಮೈಯೂ ಎರಡು ಗೆರೆ ಹಾಗೆ ಕಾಣುತ್ತವೆ. ಆ ಎರಡು ಗೆರೆ ಹಿಂದಿನಿಂದ ಮುಂದಿನ ತನಕ ಒಂದೇ ಅಂತರದಲ್ಲಿ ಇದ್ದರೆ ಸೀದಾ ಬಂದಿದ್ದೀರಿ. ಹಿಂದೆ ಅಗಲ, ಮುಂದೆ ಕಿರಿದು ಆದರೆ ಮೂತಿ ತಾಗುತ್ತದೆ. ಮೊದಲ ತಿಂಗಳು ನಿದ್ದೆಯಲ್ಲೂ ಆ ಗೆರೆಗಳೇ ಬರುತ್ತಿದ್ದವು.

ಗಿರಮಿಟ್ ಭಕ್ತ · 10:58

ಅಂದರೆ ಚಿಗರಿ ಡ್ರೈವರ್ ಆಗಬೇಕಂದ್ರ ಟೇಲರ್ ಕಣ್ಣು ಬೇಕು ಅನ್ನಿ.

ಬಲಗಡೆ ಬಾಗಿಲು · 11:02

ಟೇಲರ್ ತಪ್ಪು ಮಾಡಿದರೆ ಬಿಚ್ಚಿ ಹೊಲಿಯಬಹುದು.

ಟೋಲ್ ನಾಕಾ ಟಾಕೀಸು · 11:05

ಆದರೆ ನಿಮಗೇನು ಕಷ್ಟ ರೀ, ಸ್ವಂತ ದಾರಿ ಇದೆ. 2020ರಿಂದ ರಾಜರ ಹಾಗೆ ಓಡಾಡುತ್ತಿದ್ದೀರಿ.

ಜುಬಿಲಿ ಸರ್ಕಲ್ ಮಾಸ್ತರ್ · 11:11

ತಿದ್ದುಪಡಿ. ಚಿಗರಿ ಪ್ರಾಯೋಗಿಕವಾಗಿ ಓಡಾಟ ಶುರು ಮಾಡಿದ್ದು 2018ರ ಅಕ್ಟೋಬರ್‌ನಲ್ಲಿ. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದ್ದು ಆಮೇಲೆ. ಉದ್ಘಾಟನೆಗೆ ಮುಂಚೆಯೇ ಒಂದೂಕಾಲು ವರ್ಷ ನಾನು ಅದರಲ್ಲಿ ಓಡಾಡಿದ್ದೇನೆ.

ಬಲಗಡೆ ಬಾಗಿಲು · 11:16

ಮಾಸ್ತರ್ ಹೇಳಿದ್ದು ಸರಿ. ಸ್ವಂತ ದಾರಿ ಅಂದಿರಲ್ಲ, ಸುಮಾರು 22 ಕಿಲೋಮೀಟರಲ್ಲಿ ಪೂರ್ತಿ ಸ್ವಂತದ್ದಲ್ಲ. ಊರ ಒಳಗೆ ಬಂದ ಮೇಲೆ ನಾವೂ ನಿಮ್ಮ ಜೊತೆಯೇ. ಸ್ವಂತ ದಾರಿಯಲ್ಲೂ ರಾತ್ರಿ ಹೊತ್ತು ಬೈಕಿನವರು ನುಗ್ಗುತ್ತಾರೆ, ಕಂಬಿ ದಾಟಿ ಜನ ಜಿಗಿಯುತ್ತಾರೆ. ನನಗೆ ಭಯ ಇರುವುದು ಎದುರಿನ ಬಸ್ಸಿನದಲ್ಲ. ಎದುರಿನ ಬಸ್ ದಾಟಿದ ಕೂಡಲೇ ಅದರ ಹಿಂದಿನಿಂದ ಧುತ್ತಂತ ಬರುವ ಮನುಷ್ಯನದು.

ಹಳೇ ಗೇರ್ · 11:30

ನಿದ್ದೆ ಬರಲಿಲ್ಲ, ಎಲ್ಲಾ ಓದಿದೆ. ನಾನು ನಿವೃತ್ತ ಡ್ರೈವರ್. ಸ್ಟೇರಿಂಗ್ ಹಿಡಿದು ಎರಡೂ ಹೆಗಲು ಸವೆದಿವೆ. ಪವರ್ ಸ್ಟೇರಿಂಗ್ ಇಲ್ಲದ ಕಾಲದಲ್ಲಿ ಜಾತ್ರೆ ದಿನ ಒಂದು ತಿರುವು ತಿರುಗಿಸಿದರೆ ಅಂಗಿ ಒದ್ದೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ಏರ್ ತುಂಬುವ ತನಕ ಕಾಯಬೇಕು, ಏರ್ ಇಲ್ಲದೆ ಬ್ರೇಕ್ ಇಲ್ಲ. ಆ ಹೊತ್ತಿನಲ್ಲೇ ಒಂದು ಬೀಡಿ, ಒಂದು ಚಾ.

ಒಂದು ಸಲ ಸುಮ್ನೆ ಕ್ಲಚ್ ಎಣಿಸಿದ್ದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಟ್ರಿಪ್ಪು, ಸಂಜೆ ಹೊತ್ತು. ಇನ್ನೂರು ದಾಟಿದ ಮೇಲೆ ಒಬ್ಬ ಸೈಕಲ್ಲಿನವನು ಅಡ್ಡ ಬಂದ, ಲೆಕ್ಕ ತಪ್ಪಿತು. ಈಗ ಎಡಮೊಣಕಾಲಿಗೆ ಎಣ್ಣೆ ಹಚ್ಚುವಾಗ ಹೆಂಡತಿ ಕೇಳುತ್ತಾಳೆ, "ಬಲಗಾಲು ಗಟ್ಟಿ ಐತಿ, ಎಡಗಾಲಿಗೇನಾತು?" ಅಂತ. ಬಸ್ ಒಂದು ಸಲ ನಿಂತು ಮತ್ತೆ ಹೊರಡುವುದು ಅಂದರೆ ಏನು ಅಂತ ಆ ಕಾಲನ್ನು ಕೇಳಿ.

ಆದರೂ ನಾನು ನಿಲ್ಲಿಸುತ್ತಿದ್ದೆ. ಬಹಳ ವರ್ಷ ನಿಲ್ಲಿಸಿದೆ. ಒಂದು ದಿನ ಒಬ್ಬ ಹುಡುಗ ಓಡಿ ಬಂದ, ನಾನು ಪೂರ್ತಿ ನಿಲ್ಲಿಸಲಿಲ್ಲ, ನಿಧಾನ ಮಾಡಿದೆ ಅಷ್ಟೇ. ಹತ್ತಿಕೊಳ್ಳುತ್ತಾನೆ ಅಂದುಕೊಂಡೆ. ಮಳೆ ಬಂದಿತ್ತು. ಫುಟ್‌ಬೋರ್ಡ್ ಮೇಲೆ ಚಪ್ಪಲಿ ಜಾರಿತು. ಪಾದದ ಮೂಳೆ ಮುರಿಯಿತು, ಜೀವಕ್ಕೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಆ ಹುಡುಗ ನನಗೇ ಸಮಾಧಾನ ಹೇಳಿದ. ಅವತ್ತಿನಿಂದ ನನ್ನ ಕಾಯ್ದೆ ಒಂದೇ: ನಿಲ್ಲಿಸಿದರೆ ಪೂರ್ತಿ ನಿಲ್ಲಿಸು, ಇಲ್ಲವಾದರೆ ನೋಡಲೇಬೇಡ. ಅರ್ಧ ಕರುಣೆ ಬಹಳ ಅಪಾಯ.

ಎರಡೂರ ಡ್ರೈವರ್ · 11:38

ಕಾಕಾ, ಈ ಮಾತು ಮಗಳಿಗೆ ಓದಿ ಹೇಳುತ್ತೇನೆ.

ಗದಗ ಪ್ಯಾಸೆಂಜರ್ · ಬೆಳಿಗ್ಗೆ 6:20

ನಿಮ್ಮ ಎರಡೂರಿನ ಜಗಳ ನೋಡಿ ನಗು ಬಂತು. ನಮ್ಮ ಊರಿಗೆ ವಸ್ತಿ ಬಸ್ ಬರುತ್ತದೆ. ರಾತ್ರಿ ಬಂದು ಗುಡಿ ಮುಂದೆ ನಿಲ್ಲುತ್ತದೆ, ಬೆಳಿಗ್ಗೆ ಗದಗಕ್ಕೆ ಹೋಗುತ್ತದೆ. ಡ್ರೈವರಿಗೆ ಊರಿನವರೆಲ್ಲ ಗೊತ್ತು. ಹೊರಡುವಾಗ ಒಮ್ಮೆ ಹಾರ್ನ್ ಹೊಡೆದು ಕಂಡಕ್ಟರನ್ನೇ ಕೇಳುತ್ತಾನೆ, "ಹಾಲಿನವ ಬಂದನೇನು? ಟೀಚರಮ್ಮ?" ಟೀಚರಮ್ಮ ಬರದಿದ್ದರೆ ಅವರ ಮನೆ ಸಂದಿಯ ಎದುರು ಮತ್ತೊಂದು ಹಾರ್ನ್. ಯಾರೂ ಬೈಯುವುದಿಲ್ಲ. ಯಾಕೆಂದರೆ ನಾಳೆ ನಾವೂ ತಡ ಮಾಡುತ್ತೇವೆ.

ಜುಬಿಲಿ ಸರ್ಕಲ್ ಮಾಸ್ತರ್ · 6:41

ಅಲ್ಲಿ ಬಸ್ ಬಿಟ್ಟರೆ ಆ ದಿನವೇ ಹೋಯ್ತು. ಇಲ್ಲಿ ಬಿಟ್ಟರೆ ಐದು ನಿಮಿಷಕ್ಕೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಗದಗ ಪ್ಯಾಸೆಂಜರ್ · 6:44

ಅಜ್ಜಿಗೆ ಯಾರಾದರೂ ಹೇಳಿದ್ದರೇನು ಐದು ನಿಮಿಷಕ್ಕೆ ಇನ್ನೊಂದು ಬರುತ್ತದೆ ಅಂತ? ಅವಳು ಹಳ್ಳಿಯಿಂದ ಬಂದವಳೇ ಇರಬೇಕು. ವಸ್ತಿ ಬಸ್ ನೋಡಿ ಬೆಳೆದವರಿಗೆ ಹೊರಟ ಬಸ್ಸೆಲ್ಲ ಕಡೇ ಬಸ್ಸೇ.

ಮೂರನೇ ಸೀಟು ಕಿಟಕಿ · 6:50

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಡ್ಯೂಟಿಗೆ ಹೊರಟೆ.

ಟೋಲ್ ನಾಕಾ ಟಾಕೀಸು · 7:30

ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ಟೈಮಿಗೆ ಬರುವುದೇ ಇಲ್ಲ. ಎಲ್ಲಾ ಸ್ಟಾಪಲ್ಲೂ ಹೆಂಗಸರ ಹಿಂಡು. ಅಜ್ಜಿಗೆ ಟಿಕೆಟ್ ದುಡ್ಡು ಕೊಡುವ ಹಾಗಿದ್ದರೆ ಓಡುತ್ತಿದ್ದಳಾ?

ಧಾರವಾಡದ ಅಕ್ಕ · 7:34

ದುಡ್ಡು ಕೊಟ್ಟು ಹೋಗುವ ಗಂಡಸರು ಓಡುವುದೇ ಇಲ್ಲವಾ? ನಿಮ್ಮ ಹುಡುಗರು ಚಲಿಸುವ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವುದು ಯಾವ ಯೋಜನೆಯಲ್ಲಿ? ನಾನು 2023ರ ಜೂನ್‌ಗೆ ಮುಂಚೆ ವಾರಕ್ಕೆ ಎರಡು ದಿನ ನಡೆದು ಹೋಗುತ್ತಿದ್ದೆ, ದುಡ್ಡು ಉಳಿಸಲು. ಈಗ ದಿನಾ ಬಸ್ಸಿಗೆ ಬರುತ್ತೇನೆ. ನಿಮಗೆ ಹಿಂಡು ಅನ್ನಿಸಿದ್ದು ಮೊದಲು ರಸ್ತೆ ಬದಿಯಲ್ಲಿ ನಡೆಯುತ್ತಿದ್ದವರು.

ಟೋಲ್ ನಾಕಾ ಟಾಕೀಸು · 7:37

ನಾನು ಹಾಗೆ ಅನ್ನಲಿಲ್ಲ.

ಧಾರವಾಡದ ಅಕ್ಕ · 7:37

ಹಾಗೇ ಅಂದಿರಿ. ಮೇಲೆ ಹೋಗಿ ಓದಿ.

ಚೀಲ ಮತ್ತು ಮಷಿನ್ · 8:05

ಕಂಡಕ್ಟರ್ ಮಾತಾಡುತ್ತಿದ್ದೇನೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲ: ಶೂನ್ಯ ಟಿಕೆಟ್ಟಿಗೂ ಮಷಿನ್ನಲ್ಲಿ ಒತ್ತುವುದು ಒತ್ತಲೇಬೇಕು. ಎಲ್ಲಿಂದ ಎಲ್ಲಿಗೆ ಅಂತ ಕೇಳಬೇಕು, ಆಧಾರ್ ನೋಡಬೇಕು, ಚೀಟಿ ಹರಿದು ಕೊಡಬೇಕು. ಚಿಲ್ಲರೆ ಕೊಡುವ ಕೆಲಸ ಒಂದು ತಪ್ಪಿತು. ಮೊದಲು ಚಿಲ್ಲರೆಗೆ ಜಗಳ, ಈಗ ಆಧಾರ್ ಫೋನಲ್ಲಿ ಹುಡುಕುವ ತನಕ ಕಾಯುವುದು. ಮೊತ್ತ ಅಷ್ಟೇ. ಜನ ಜಾಸ್ತಿ ಆದದ್ದು ನಿಜ, ಟೈಮ್ ಮಾತ್ರ ಅದೇ ಹಳೇ ಟೈಮ್. ತಪ್ಪು ಹೆಂಗಸರದ್ದಲ್ಲ. ಜನ ಹೆಚ್ಚಾದ ಮೇಲೆ ಟ್ರಿಪ್ಪಿಗೆ ಕೊಟ್ಟ ನಿಮಿಷವೂ ಹೆಚ್ಚಾಗಬೇಕು ಅಲ್ವಾ?

ಡ್ರೈವರಿಗೂ ನನಗೂ ನಡುವೆ ಒಂದು ಭಾಷೆ ಇದೆ. ಒಂದು ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೋಗು. ಓಡಿ ಬರುವವರನ್ನು ನಾನು ನೋಡಿದರೆ ಎರಡನೇ ಸೀಟಿ ಬಾಯಲ್ಲೇ ಹಿಡಿದುಕೊಳ್ಳುತ್ತೇನೆ. ಅಂದು ಆ ಬಸ್ಸಿನ ಕಂಡಕ್ಟರ್ ಮುಂದುಗಡೆ ಟಿಕೆಟ್ ಹರಿಯುತ್ತಿದ್ದಿರಬೇಕು, ಹಿಂದೆ ನೋಡಿರಲಿಕ್ಕಿಲ್ಲ. ವಿಡಿಯೋ ನೋಡಿದವರು ಡ್ರೈವರಿಗೆ ಮಾತ್ರ ಬೈದರು. ನನ್ನ ಜಾತಿಯವನು ತಪ್ಪಿಸಿಕೊಂಡ.

ಗಿರಮಿಟ್ ಭಕ್ತ · 8:12

ಅಜ್ಜಿ ಬಸ್ ಬಿಟ್ಟು ರೈಲಿಗೆ ಹೋಗಿದ್ದರೆ ಇನ್ನೂ ಕಷ್ಟ. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರಂ 1507 ಮೀಟರು. ಕಡೇ ಬೋಗಿ ತನಕ ಓಡಿದರೆ ಗದಗಕ್ಕೆ ಅರ್ಧ ದಾರಿ ಆದ ಹಾಗೆ.

ಜುಬಿಲಿ ಸರ್ಕಲ್ ಮಾಸ್ತರ್ · 8:15

ಅರ್ಧ ದಾರಿ ಅಲ್ಲ, ಒಂದೂವರೆ ಕಿಲೋಮೀಟರ್ ಅಷ್ಟೇ. ಆದರೆ ಲೋಕದಲ್ಲೇ ಉದ್ದದ್ದು ನಿಜ. ಅದಕ್ಕೆ ಮುಂಚೆ ಗೋರಖಪುರದ್ದು ದೊಡ್ಡದಿತ್ತು, 1366 ಮೀಟರು. 2023ರ ಮಾರ್ಚ್‌ನಲ್ಲಿ ನಮ್ಮದು ದಾಟಿತು.

ಗಿರಮಿಟ್ ಭಕ್ತ · 8:16

ಮಾಸ್ತರ, ನಗೆಯ ಮಾತಿಗೂ ಕೆಂಪು ಪೆನ್ನು ಹಾಕುತ್ತೀರಿ.

ಬಿವಿಬಿ ಬ್ಯಾಕ್‌ಬೆಂಚ್ · 8:40

ಎರಡು ಬಸ್ ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಒಂದೂ ಬರದಿರುವುದು ಯಾಕೆ ಅಂತ ಯೋಚನೆ ಮಾಡಿದ್ದೀರಾ? ಅದಕ್ಕೂ ಈ ಓಟಕ್ಕೂ ಸಂಬಂಧ ಇದೆ. ಮುಂದಿನ ಬಸ್ ಎರಡು ನಿಮಿಷ ತಡ ಆಯ್ತು ಅನ್ನಿ. ಆ ಎರಡು ನಿಮಿಷದಲ್ಲಿ ಮುಂದಿನ ಸ್ಟಾಪಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ. ಅವರನ್ನು ಹತ್ತಿಸಲು ಇನ್ನಷ್ಟು ಹೊತ್ತು. ಮತ್ತಷ್ಟು ತಡ, ಮತ್ತಷ್ಟು ಜನ. ಹಿಂದಿನ ಬಸ್ಸಿಗೆ ಸ್ಟಾಪಲ್ಲಿ ಜನರೇ ಇಲ್ಲ, ಅದು ಖಾಲಿ ಹಾರಿಕೊಂಡು ಬಂದು ಮುಂದಿನದ್ದರ ಬೆನ್ನಿಗೆ ಅಂಟುತ್ತದೆ. ರಾಯಾಪುರ ದಾಟುವಷ್ಟರಲ್ಲಿ ಎರಡೂ ಜೋಡಿ. ಅದಕ್ಕೆ ಮೊದಲನೇದು ಕಿಕ್ಕಿರಿದು ಇದ್ದರೆ ನಾನು ಹತ್ತುವುದಿಲ್ಲ. ಹಿಂದೆ ಖಾಲಿ ಬಸ್ ಬರುತ್ತಿರುತ್ತದೆ, ಹೆಚ್ಚು ಕಮ್ಮಿ ಗ್ಯಾರಂಟಿ.

ಬಲಗಡೆ ಬಾಗಿಲು · 8:52

ಈ ಹುಡುಗನಿಗೆ ಡಿಪೋದಲ್ಲಿ ಕೆಲಸ ಕೊಡಿ.

ಹಸಿರು ಪಾಸ್ · 8:55

ಖಾಲಿ ಬಸ್ ಬರುತ್ತದೆ ಅಂತ ಕಾದು ಎರಡು ಇಂಟರ್ನಲ್ಸ್ ತಪ್ಪಿಸಿಕೊಂಡವನು ನಾನು. ಗ್ಯಾರಂಟಿ ಅಂತೆ.

ಒಂಬತ್ತನೇ ತಾಸು · 10:30

ನಾನೂ ಡ್ರೈವರ್, ಎಲ್ಲಿ ಅಂತ ಬೇಡ. ನಿಮಿಷದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತಡವಾಗಿ ಮುಟ್ಟಿದರೆ ಆ ತಡ ಎಲ್ಲಿಂದ ಕಳೆಯುತ್ತದೆ ಗೊತ್ತಾ? ನಮ್ಮ ವಿಶ್ರಾಂತಿಯಿಂದ. ಕೊನೆಯಲ್ಲಿ ಹತ್ತು ನಿಮಿಷ ಬಿಡುವು ಅಂತ ಕಾಗದದಲ್ಲಿ ಇರುತ್ತದೆ. ಏಳು ನಿಮಿಷ ತಡವಾಗಿ ಬಂದರೆ ಉಳಿದದ್ದು ಮೂರು. ಆ ಮೂರರಲ್ಲಿ ಚಾ ಕುಡಿಯಬೇಕಾ, ಮೂತ್ರಕ್ಕೆ ಹೋಗಬೇಕಾ ಅಂತ ಆರಿಸಬೇಕು. ಬೇಸಿಗೆಯಲ್ಲೂ ನೀರು ಕಮ್ಮಿ ಕುಡಿಯುವ ಡ್ರೈವರುಗಳನ್ನು ನಾನು ಹತ್ತಾರು ತೋರಿಸುತ್ತೇನೆ. ಕಿಡ್ನಿ ಕಲ್ಲು ನಮ್ಮಲ್ಲಿ ಶೀತ ನೆಗಡಿ ಇದ್ದ ಹಾಗೆ. ಲೇಡಿ ಕಂಡಕ್ಟರುಗಳ ಕಷ್ಟ ಅಂತೂ ಕೇಳಬೇಡಿ.

ಅಜ್ಜಿಗೆ ನಿಲ್ಲಿಸಿದರೆ ಎರಡು ನಿಮಿಷ ಅಂದಿರಲ್ಲ, ಅದನ್ನು ಕೊಡುವುದು ಮಾಲೀಕನಲ್ಲ. ನಮ್ಮ ಹೊಟ್ಟೆ ಕೊಡುತ್ತದೆ.

ಕೋರ್ಟ್ ಸರ್ಕಲ್ ಕಪ್ಪು ಕೋಟು · 11:04

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು: ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು. ಐದು ತಾಸಿಗಿಂತ ಜಾಸ್ತಿ ಒಂದೇ ಸಮ ಓಡಿಸುವ ಹಾಗಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಇದು ಯಾರೋ ಕೊಡುವ ಭಿಕ್ಷೆ ಅಲ್ಲ, ಹಕ್ಕು.

ಒಂಬತ್ತನೇ ತಾಸು · 11:09

ವಕೀಲರೇ, ನನ್ನ ಹೆಸರು ನೋಡಿ.

ಉಣಕಲ್ ಕೆರೆ ದಂಡೆ · 11:15

ನಿನ್ನೆ ಹತ್ತು ಸೆಕೆಂಡ್ ಅಂದವನು ನಾನೇ. ಸ್ವಲ್ಪ ನಾಚಿಕೆ ಆಗುತ್ತಿದೆ. ಆದರೂ ಕೇಳುತ್ತೇನೆ, ಓಡಿ ಬರುವವರು ಏನು ಮಾಡಿದರೆ ನಿಮಗೆ ನಿಲ್ಲಿಸಲು ಸುಲಭ?

ಹಳೇ ಗೇರ್ · 11:40

ಚಲೋ ಪ್ರಶ್ನೆ ಕೇಳಿದೆ ತಮ್ಮಾ. ಬಸ್ಸಿನ ಹಿಂದೆ ಓಡಬೇಡ. ಹಿಂದೆ ಇದ್ದರೆ ಡ್ರೈವರಿಗೆ ನೀನು ಇಲ್ಲವೇ ಇಲ್ಲ. ಕನ್ನಡಿಯಲ್ಲಿ ಡ್ರೈವರಿನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ. ಎಡಗಡೆ ಅಂಚಿಗೆ ಬಾ, ಕನ್ನಡಿ ನೋಡು, ಕೈ ಎತ್ತು. ಬಸ್ಸಿನ ಮೈಗೆ ಧಡಧಡ ಬಡಿಯಬೇಡ. ಬಡಿದರೆ ನಮಗೆ ಯಾರೋ ಗಾಲಿ ಅಡಿಗೆ ಸಿಕ್ಕರು ಅನ್ನಿಸುತ್ತದೆ. ಎದೆ ಒಡೆದು ಹೋಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ, ಸಿಟ್ಟಲ್ಲಿ ಯಾವನೂ ಬಾಗಿಲು ತೆಗೆಯುವುದಿಲ್ಲ.

ಧಾರವಾಡದ ಅಕ್ಕ · 11:52

ಹುಬ್ಬಳ್ಳಿಯವರು ಓಡುತ್ತಾರೆ, ಧಾರವಾಡದವರು ಕಾಯುತ್ತಾರೆ. ನಮ್ಮಲ್ಲಿ ಬಸ್ ಹೋದರೆ ಹೋಯ್ತು, ಒಂದು ಚಾ ಕುಡಿದರಾಯ್ತು.

ಟೋಲ್ ನಾಕಾ ಟಾಕೀಸು · 11:55

ಅದಕ್ಕೇ ಧಾರವಾಡದ ಅಂಗಡಿ ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತವೆ.

ಧಾರವಾಡದ ಅಕ್ಕ · 11:56

ಮಲಗಿ ಎದ್ದೇ ಪೇಡೆ ಮಾಡುತ್ತೇವೆ. ನೀವು ಎದ್ದೇ ಇದ್ದು ಮಾಡಿದ್ದೇನು, ಟ್ರಾಫಿಕ್ಕಾ?

ಗಿರಮಿಟ್ ಭಕ್ತ · 11:58

ಗಿರಮಿಟ್ ಅನ್ನಿ. ಮಿರ್ಚಿ ಸಮೇತ.

ಜುಬಿಲಿ ಸರ್ಕಲ್ ಮಾಸ್ತರ್ · 12:10

1962ರಲ್ಲಿ ಎರಡೂ ಊರು ಸೇರಿ ಒಂದೇ ಪಾಲಿಕೆ ಆಯ್ತು. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ಅಷ್ಟು ವರ್ಷ ಎರಡನ್ನೂ ಹಿಡಿದಿಟ್ಟದ್ದು ಪಾಲಿಕೆ ಅಲ್ಲ, ಬಸ್ಸು. ಬೇಂದ್ರೆ ಬಸ್ಸು ನೆನಪಿದೆಯಾ ಯಾರಿಗಾದರೂ? ಕವಿಯ ಹೆಸರಲ್ಲಿ ಬಸ್ ಓಡಿದ್ದು ನಮ್ಮ ಎರಡೂರ ನಡುವೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ.

ಮೂರನೇ ಸೀಟು ಕಿಟಕಿ · ಮಧ್ಯಾಹ್ನ 2:45

ಬೇಂದ್ರೆ ಬಸ್ಸಲ್ಲೇ ನಾನು ಕಾಲೇಜು ಮುಗಿಸಿದ್ದು. ಬಾಗಿಲಲ್ಲಿ ಹುಡುಗ ನಿಂತು "ಧಾರವಾಡ ಧಾರವಾಡ ಧಾರವಾಡ" ಅಂತ ಒಂದೇ ಉಸಿರಲ್ಲಿ ಕೂಗುತ್ತಿದ್ದ. ಮೂರನೇ ಸಲಕ್ಕೆ ಅದು "ದಾರ್ವಾರ್" ಆಗಿರುತ್ತಿತ್ತು.

ಎರಡೂರ ಡ್ರೈವರ್ · ಎರಡು ದಿನದ ನಂತರ, ರಾತ್ರಿ 9:15

ನಿಮಗೆಲ್ಲ ಒಂದು ಸುದ್ದಿ ಹೇಳಬೇಕು.

ಇವತ್ತು ಅದೇ ಟ್ರಿಪ್ಪು. ಉಣಕಲ್ ಕ್ರಾಸ್‌ನಲ್ಲಿ ಅದೇ ವೈರ್ ಬುಟ್ಟಿ. ಈ ಸಲ ಅಜ್ಜಿ ಸ್ಟಾಪಲ್ಲೇ ನಿಂತಿದ್ದಳು, ನನಗಿಂತ ಮುಂಚೆ ಬಂದು. ಬಸ್ಸನ್ನು ಪೂರ್ತಿ ಎಡಕ್ಕೆ ಹಚ್ಚಿ ನಿಲ್ಲಿಸಿದೆ, ಚಿಗರಿಯವರ ಹಾಗೆ. ಬಾಗಿಲು ಸೀದಾ ಅವಳ ಕಾಲಿನ ಎದುರು. ಹತ್ತಿದಳು, ನನ್ನ ಹಿಂದಿನ ಉದ್ದ ಸೀಟಲ್ಲೇ ಕೂತಳು. ನನ್ನ ಕಿವಿ ಬಿಸಿ ಆಯ್ತು. ಗುರುತು ಹಿಡಿಯುತ್ತಾಳೆ ಅಂದುಕೊಂಡೆ.

ವಿದ್ಯಾನಗರ ಬರುವ ತನಕ ಪಕ್ಕದವಳಿಗೆ ಒಂದೇ ಸಮನೆ ಹೇಳಿದಳು. "ಮೊನ್ನೆ ಒಬ್ಬ ಡ್ರೈವರ ಇದ್ದ ನೋಡವ್ವ, ಕೈ ಮಾಡಿದ್ರೂ ತಿರುಗಿ ನೋಡಲಿಲ್ಲ, ಅವನ ಕೈಗೆ ಸ್ಟೇರಿಂಗ್ ಕೊಟ್ಟಾವ್ರ ಯಾರು ಅಂತೀನಿ. ಈ ಹುಡುಗ ನೋಡು, ಎಷ್ಟು ಸಾವಕಾಶ ನಿಲ್ಲಿಸಿದ." ನಾನು ಮುಂದೆ ನೋಡಿಕೊಂಡೇ ಓಡಿಸಿದೆ. ಕಂಡಕ್ಟರ್ ಹಿಂದೆ ನಿಂತು ನಗು ತಡೆಯಲಾರದೆ ಸೀಟಿ ಊದುವುದನ್ನೇ ಮರೆತ.

ಕಿಮ್ಸ್ ಆಸ್ಪತ್ರೆ ಹತ್ತಿರ ಇಳಿದಳು. ಮಗಳ ಬಾಣಂತನವಂತೆ, ಬುಟ್ಟಿಯಲ್ಲಿ ಗಂಜಿ. ಇಳಿಯುವಾಗ ನನಗೆ "ಹೋಗಿ ಬರ್ತೀನಪ್ಪಾ" ಅಂದಳು.

ಚೀಲ ಮತ್ತು ಮಷಿನ್ · 9:20

ಹೇಳಬೇಕಿತ್ತು ರೀ, ನಾನೇ ಅವನು ಅಂತ.

ಎರಡೂರ ಡ್ರೈವರ್ · 9:22

ಹೇಳಿದರೆ ಬುಟ್ಟಿಯಲ್ಲಿ ಹೊಡೆಯುತ್ತಿದ್ದಳು. ಒಳಗೆ ಬಿಸಿ ಗಂಜಿ ಇತ್ತು.

ಹಳೇ ಗೇರ್ · 9:31

ಮಗಳಿಗೆ ಹೇಳಿದೆಯಾ?

ಎರಡೂರ ಡ್ರೈವರ್ · 9:33

ಹೇಳಿದೆ ಕಾಕಾ. ನಕ್ಕಳು. ಆಮೇಲೆ ಆ ಹಿಂದಿನ ಗಾಜಿನ ಅರ್ಧ ಮುಖದ ಹುಡುಗನನ್ನು ಮೊದಲು ಕಿತ್ತು ಹಾಕು ಅಂದಳು.

ಹಸಿರು ಪಾಸ್ · 9:40

ಅಣ್ಣಾರ, ನಿಮ್ಮ ಬಸ್ ಅಂತ ಈಗ ಗೊತ್ತಾಯ್ತು. ಹೋದ ವಾರ ನಾನು ಕಡೇ ಸೀಟಲ್ಲಿ ನೀಲಿ ಟಿಫಿನ್ ಡಬ್ಬಿ ಬಿಟ್ಟಿದ್ದೆ. ಸಿಕ್ಕಿತಾ? ಅವ್ವ ದಿನಾ ಕೇಳುತ್ತಿದ್ದಾಳೆ.

ಎರಡೂರ ಡ್ರೈವರ್ · 9:44

ಸಿಕ್ಕಿದೆ. ಒಳಗಿನ ಉಪ್ಪಿಟ್ಟು ನೋಡುವ ಹಾಗಿರಲಿಲ್ಲ, ತೊಳೆದು ಇಟ್ಟಿದ್ದೇನೆ. ನಾಳೆ ಬಾ. ಸ್ಟಾಪಿನ ಎದುರೇ ನಿಲ್ಲಿಸುತ್ತೇನೆ, ಓಡಬೇಡ.